ರೂಟರ್ ಹೊಸದಾದರೂ ವೈಫೈ ಹೆಸರು ಹಳೆಯದೇ ಇರಲಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಸಿಡಿಲಿಗೆ ಸುಟ್ಟ ರೂಟರಿನವು. ಹೊಸದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಮೊಬೈಲಿಗೆ ಇಂಟರ್‌ನೆಟ್ ಸರಾಗವಾಗಿ ಬರುತ್ತಿದ್ದರೂ ಗೇಟಿನ ಕ್ಯಾಮೆರಾ, ಜಗಲಿಯ ಬಲ್ಬು, ಸ್ಮಾರ್ಟ್ ಪ್ಲಗ್ಗು ಯಾವುದೂ ಮಾತು ಕೇಳುತ್ತಿಲ್ಲವೆಂದು ಮರುದಿನ ಇನ್ನೊಂದು ಕರೆ ಬರುತ್ತದೆ. ಆಲ್ದೂರಿನ ಸಮೀಪದ ಮನೆಯೊಂದರಲ್ಲಿ ಹಿರಿಯರೊಬ್ಬರು, "ಏನಪ್ಪಾ, ಸಿಡಿಲು ಹೊಡೆದದ್ದು ರೂಟರಿಗೆ, ಬಲ್ಬೂ ಹೋಯ್ತಾ?" ಎಂದು ಕೇಳಿದ್ದರು. ಬಲ್ಬಿಗೆ ಏನೂ ಆಗಿರಲಿಲ್ಲ. ಇಲ್ಲವಾಗಿದ್ದ ಹೆಸರೊಂದನ್ನು ಅದು ಹುಡುಕುತ್ತಿತ್ತು, ಅಷ್ಟೆ.

ಇಂಥ ಸಾಧನಗಳಿಗೆ ರೂಟರಿನ ಕಂಪನಿಯಾಗಲಿ ಮಾದರಿಯಾಗಲಿ ಮುಖ್ಯವಲ್ಲ. ಮೊದಲ ಸಲ ಜೋಡಿಸಿದಾಗ ಕೊಟ್ಟ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಅವು ನೆನಪಿಟ್ಟುಕೊಂಡಿರುತ್ತವೆ. ಆದ್ದರಿಂದ ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಇಟ್ಟರೆ ಬಹುಪಾಲು ಸಾಧನಗಳು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ. ಅಕ್ಷರದಲ್ಲಿ ಮಾತ್ರ ರಿಯಾಯಿತಿ ಇಲ್ಲ: ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ, ಅಡ್ಡಗೆರೆ ಎಲ್ಲವೂ ಹಿಂದೆ ಇದ್ದಂತೆಯೇ ಇರಬೇಕು.

ಆಲ್ದೂರಿನ ಆ ಮನೆಯಲ್ಲಿ ಹೊಸ ರೂಟರ್ ಕೂರಿಸಿದವರು ಅದರ ಚೀಟಿಯಲ್ಲಿದ್ದ ಹೆಸರನ್ನೇ ಬಿಟ್ಟುಹೋಗಿದ್ದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ಹೇಳಿಕೊಡುತ್ತ ಆ್ಯಪ್‌ನಿಂದ ಆರು ಸಾಧನಗಳನ್ನು ತೆಗೆಸಿಹಾಕಿದ್ದರಿಂದ, ಸಂಜೆ ದೀಪ ಹೊತ್ತುವ ವೇಳೆಯಂಥ ಎಲ್ಲ ಹೊಂದಿಕೆಗಳೂ ಅವುಗಳ ಜೊತೆಗೇ ಅಳಿಸಿಹೋಗಿದ್ದವು. ಅವಸರದ ರೀಸೆಟ್ಟಿನಿಂದ ಆಗುವ ನಷ್ಟ ಸುಟ್ಟ ರೂಟರಿನ ನಷ್ಟಕ್ಕಿಂತ ಹೆಚ್ಚು ಕಾಡುತ್ತದೆಂಬುದು ನನ್ನ ಅನುಭವ.

ಹಳೆಯ ರೂಟರ್ ಸತ್ತಿದ್ದು ಪಾಸ್‌ವರ್ಡ್ ಮರೆತಿದ್ದರೆ ಅದು ಮನೆಯವರ ಫೋನಿನಲ್ಲೇ ಸಿಗಬಹುದು. ಆಂಡ್ರಾಯ್ಡ್ 10 ಮತ್ತು ಅನಂತರದ ಬಹುತೇಕ ಫೋನುಗಳಲ್ಲಿ ಉಳಿಸಿಟ್ಟ ವೈಫೈ ಪಟ್ಟಿಯಿಂದ ಹಳೆಯ ಹೆಸರನ್ನು ತೆರೆದು ಹಂಚಿಕೊಳ್ಳುವ ಗುಂಡಿ ಒತ್ತಿದರೆ ಕ್ಯೂಆರ್ ಕೋಡ್ ಮೂಡುತ್ತದೆ, ಪಾಸ್‌ವರ್ಡ್ ಸಾಮಾನ್ಯವಾಗಿ ಅದರ ಕೆಳಗೇ ಇರುತ್ತದೆ. ಐಫೋನಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ನೋಡುವ ಸೌಲಭ್ಯ 2022ರ ಐಒಎಸ್ 16ರಿಂದ ಇದೆ. ಹೀಗಾಗಿ ಕೆಲಸ ಮುಗಿಯುವವರೆಗೆ ಫೋನಿನಿಂದ ಹಳೆಯ ವೈಫೈಯನ್ನು ಅಳಿಸಬೇಡಿ.

ಹೆಸರು ಸರಿಯಿದ್ದೂ ಸಾಧನ ಸೇರದಿದ್ದರೆ ಮೊದಲು ನೋಡಬೇಕಾದದ್ದು ತರಂಗಪಟ್ಟಿ, ಅಂದರೆ ವೈಫೈ ಹರಿಯುವ ರೇಡಿಯೋ ಅಲೆಗಳ ಬ್ಯಾಂಡ್. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ, ಹೊಸ ರೂಟರುಗಳಾದರೋ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಡಿ ಬೆರೆಸಿಡುತ್ತವೆ. ಎರಡನ್ನೂ ಬೇರ್ಪಡಿಸಿ, ಹಳೆಯ ಹೆಸರನ್ನು 2.4ಕ್ಕೆ ಕೊಟ್ಟು, 5ಕ್ಕೆ ಬೇರೆ ಹೆಸರಿಡುವುದನ್ನೇ ನಾನು ಇಷ್ಟಪಡುತ್ತೇನೆ. ಎರಡನೆಯದು ಭದ್ರತೆಯ ಬಗೆ: 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ಕ್ರಮ ಹಳೆಯ ಸಾಧನಗಳಿಗೆ ತಿಳಿಯದು, ಅದನ್ನೂ ಅದರ ಹಿಂದಿನ ಡಬ್ಲ್ಯುಪಿಎ2ನ್ನೂ ಕೂಡಿಸಿದ ಬೆರಕೆ ಆಯ್ಕೆಯೂ ಕೆಲವಕ್ಕೆ ಒಗ್ಗದು. ಅಂಥಲ್ಲಿ 2.4ರ ಮಟ್ಟಿಗೆ ಡಬ್ಲ್ಯುಪಿಎ2, ಗೂಢಲಿಪಿಯ ಬಗೆಯಾಗಿ ಎಇಎಸ್ ಇಡಬೇಕು. 2.4ರೊಳಗಿನ ಉಪದಾರಿಯಾದ ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ ನಿಲ್ಲಿಸುವುದು ಕ್ಷೇಮ. ಏಕೆಂದರೆ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಾಧನಗಳು ಸಾಮಾನ್ಯವಾಗಿ 12, 13ನೆಯ ಚಾನೆಲ್ಲಿನಲ್ಲಿರುವ ವೈಫೈಯನ್ನು ಕಾಣುವುದೇ ಇಲ್ಲ.

ಸಿಸಿ ಕ್ಯಾಮೆರಾದ ರೆಕಾರ್ಡರಿನ ಕಥೆ ಬೇರೆ. ಅದಕ್ಕೆ ಅಳವಡಿಸಿದವರು ಸ್ಥಿರ ಐಪಿ ವಿಳಾಸ, ಅಂದರೆ ಮನೆಯ ಜಾಲದೊಳಗೆ ಬದಲಾಗದ ಅಂಕಿಯ ವಿಳಾಸ, ಕೊಟ್ಟಿರುವುದು ಸಾಮಾನ್ಯ. ಹಳೆಯ ರೂಟರ್ 192.168.1.1ರಲ್ಲಿದ್ದು ಹೊಸದು 192.168.0.1ರಲ್ಲಿದ್ದರೆ, ಕೇಬಲ್ ಚುಚ್ಚಿದ್ದರೂ ರೆಕಾರ್ಡರ್ ಬೇರೆ ಬೀದಿಯ ಮನೆಯಂತೆ ಒಂಟಿಯಾಗುತ್ತದೆ. ಹೊಸ ರೂಟರಿನ ವಿಳಾಸವನ್ನೇ ಹಳೆಯದಕ್ಕೆ ಬದಲಿಸುವುದು ಸುಲಭ. ಆದರೆ ಮನೆಗೆ ಇಂಟರ್‌ನೆಟ್ ತರುವ ಫೈಬರ್ ಪೆಟ್ಟಿಗೆಯೂ ಅದೇ ವಿಳಾಸಗಳ ಸಾಲಿನಲ್ಲಿದ್ದರೆ ಎರಡಕ್ಕೂ ತಿಕ್ಕಾಟವಾಗುವುದರಿಂದ, ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವಿಳಾಸ ಹಂಚದೆ ಬರೀ ವೈಫೈ ಹರಡುವಂತೆ, ಬಳಸಬೇಕಾಗುತ್ತದೆ. ಆ ಪೆಟ್ಟಿಗೆಯೂ ತನ್ನದೇ ವೈಫೈ ಹರಡುತ್ತಿದ್ದರೆ ಅದನ್ನು ನಿಲ್ಲಿಸಿ. ಇಲ್ಲವಾದರೆ ಫೋನು ಒಂದರಲ್ಲಿ, ಬಲ್ಬು ಇನ್ನೊಂದರಲ್ಲಿ ಸೇರಿಕೊಂಡು ಒಂದನ್ನೊಂದು ಕಾಣದಂತಾಗಬಹುದು.

ವೈಫೈ ಬದಲು ಜಿಗ್‌ಬೀ ಎಂಬ ಬೇರೆ ನಿಸ್ತಂತು ವಿಧಾನದಲ್ಲಿ ನಡೆಯುವ ಬಲ್ಬುಗಳನ್ನಂತೂ ಮುಟ್ಟಲೇಬಾರದು; ಅವುಗಳ ನಂಟು ತಮ್ಮನ್ನು ನಡೆಸುವ ಹಬ್ ಎಂಬ ಪೆಟ್ಟಿಗೆಯೊಂದಿಗೆ, ಹಬ್‌ನ ಕೇಬಲ್ಲನ್ನು ಹೊಸ ರೂಟರಿಗೆ ಚುಚ್ಚಿದರೆ ಸಾಕು. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಸಿಮ್ಮಿನಿಂದ ನಡೆಯುವಂಥದ್ದಾದರೆ ಅದಕ್ಕೂ ರೂಟರಿಗೂ ಸಂಬಂಧವಿಲ್ಲ.

ಇಷ್ಟರ ಮೇಲೂ ಹಟ ಹಿಡಿದ ಸಾಧನವನ್ನು ಆ್ಯಪ್‌ನಿಂದ ತೆಗೆಯದೆಯೇ ಮತ್ತೆ ಜೋಡಿಸಲು ಪ್ರಯತ್ನಿಸಿ. ಹಾಗೆ ಮಾಡಿದಾಗ ಹಳೆಯ ಹೊಂದಿಕೆಗಳು ಅನೇಕ ಆ್ಯಪ್‌ಗಳಲ್ಲಿ ಉಳಿಯುತ್ತವೆ. ಆಗ ಫೋನು 2.4ರಲ್ಲಿರಲಿ, ಆಂಡ್ರಾಯ್ಡ್ ಆದರೆ ಆ್ಯಪ್‌ಗೆ ಲೊಕೇಶನ್ ಅನುಮತಿ ಇರಲಿ, ಮೊಬೈಲ್ ಡೇಟಾ ಆರಿರಲಿ.

ಆಲ್ದೂರಿನ ಮನೆಯಲ್ಲಿ ಹೆಸರು ಬದಲಿಸಿದ ಕೂಡಲೇ, ತೆಗೆಯದೆ ಉಳಿಸಿದ್ದವೆಲ್ಲ ಮರಳಿದವು, ಕಾಫಿ ಒಣಗಿಸುವ ಕಣದ ಕ್ಯಾಮೆರಾ ಒಂದನ್ನು ಬಿಟ್ಟು. ಹಳೆಯ ಪ್ಲಗ್ ಪಾಯಿಂಟೂ ಸುಟ್ಟಿದ್ದರಿಂದ ಹೊಸ ರೂಟರನ್ನು ಒಳಕೋಣೆಗೆ ಒಯ್ದಿದ್ದರು, ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಿತ್ತು. ಎಲೆಕ್ಟ್ರೀಷಿಯನ್ನರನ್ನು ಕರೆಸಿ, ಜಗಲಿಯ ಪಾಯಿಂಟ್ ಸರಿಪಡಿಸಿ, ರೂಟರನ್ನು ಹಳೆಯ ಮೊಳೆಗೇ ತೂಗುಹಾಕಿದಾಗ ಕಣ ಮತ್ತೆ ಬೆಂಗಳೂರಿನ ಫೋನಿನಲ್ಲಿ ಕಾಣಿಸಿತು.