ಮನೆಯ ಪೋಸ್ಟ್‌ಫಿಕ್ಸ್‌ನಿಂದ ಮೇಲ್ ಕಳಿಸುವುದು: ರಿಲೇ, ಬ್ರಾಕೆಟ್ ಮತ್ತು 530

ಮನೆಯ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಪುಟ್ಟ ಕಂಪ್ಯೂಟರ್) ರಾತ್ರಿ ಬ್ಯಾಕಪ್ ಮುಗಿಸಿ ನಮಗೊಂದು ಮೇಲ್ ಹಾಕಬೇಕು. ಬೇಕಿರುವುದು ಇಷ್ಟೇ. ಮೇಲ್ ಸಾಗಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ ಇನ್‌ಸ್ಟಾಲ್ ಮಾಡುವುದು ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ನೇರವಾಗಿ ಯಾಕೆ ಹೋಗಲ್ಲ?

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು ಪೋರ್ಟ್ 25ರಲ್ಲಿ. ಸ್ಪ್ಯಾಮ್ ತಡೆಯಲು ಎಷ್ಟೋ ಇಂಟರ್ನೆಟ್ ಕಂಪನಿಗಳು ಮನೆ ಕನೆಕ್ಷನ್‌ಗಳಿಗೆ ಅದನ್ನು ಮುಚ್ಚಿರುತ್ತವೆ. ಲಾಗ್‌ನಲ್ಲಿ ಬರೀ ಟೈಮ್‌ಔಟ್ ಕಾಣುತ್ತದೆ. ಪೋರ್ಟ್ ತೆರೆದಿದ್ದರೂ ಸಾಲದು. ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಮೆಷಿನ್‌ನ ಹೆಸರು ಹೇಳುವ ದಾಖಲೆ) ಸಾಮಾನ್ಯವಾಗಿ ನಮ್ಮ ಕೈಯಲ್ಲಿರಲ್ಲ. ಜೊತೆಗೆ ಸ್ಪ್ಯಾಮ್ ತಡೆಯುವ ಸಂಸ್ಥೆ ಸ್ಪ್ಯಾಮ್‌ಹಾಸ್‌ನ ಪಿಬಿಎಲ್ ಪಟ್ಟಿಯಲ್ಲಿ ಇಂಥ ಮನೆ ಕನೆಕ್ಷನ್‌ಗಳ ಐಪಿಗಳು ಮೊದಲೇ ಇರುತ್ತವೆ. ಪಟ್ಟಿಯಲ್ಲಿದ್ದರೆ ನಾವು ಸ್ಪ್ಯಾಮ್ ಕಳಿಸಿದ್ದೇವೆ ಅಂತ ಅಲ್ಲ, ಈ ಐಪಿಯಿಂದ ನೇರ ಮೇಲ್ ಬರಬಾರದು ಅಂತ ಅಷ್ಟೇ. ಇಲ್ಲಿ ಗುದ್ದಾಡಿ ಪ್ರಯೋಜನವಿಲ್ಲ.

ರಿಲೇ

ರಿಲೇ ಅಂದರೆ ನಮ್ಮ ಮೇಲನ್ನು ಇನ್ನೊಂದು ಸರ್ವರ್ ಮೂಲಕ ಕಳಿಸುವುದು. ಮೇಲನ್ನು ಪೋರ್ಟ್ 587ರಲ್ಲಿ, ಲಾಗಿನ್ ಆಗಿ, ಜಿಮೇಲ್ ಥರದ ಸರ್ವರ್ ಕೈಗೆ ಕೊಡಬೇಕು. ಮುಂದಿನದನ್ನು ಅದು ನೋಡಿಕೊಳ್ಳುತ್ತದೆ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಪೋಸ್ಟ್‌ಫಿಕ್ಸ್‌ನಲ್ಲಿ ಎಸ್‌ಎಂಟಿಪಿ ಅಂತ ಶುರುವಾಗುವ ಸೆಟ್ಟಿಂಗ್ ಹೊರಗೆ ಹೋಗುವ ಮೇಲ್‌ಗೆ, ಎಸ್‌ಎಂಟಿಪಿಡಿ ಅಂತ ಇರುವುದು ಒಳಗೆ ಬರುವುದಕ್ಕೆ. ನಮಗೆ ಬೇಕಿರುವುದು ಮೊದಲನೆಯದು.

ಆ ಚೌಕ ಬ್ರಾಕೆಟ್

ನನ್ನ ತಲೆ ಜಾಸ್ತಿ ತಿಂದದ್ದು ಇದು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ ರಿಲೇ ಸರ್ವರ್ ಹೆಸರು ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ಹೀಗೆ ಬರೆಯುತ್ತೇವೆ:

[ಎಸ್‌ಎಂಟಿಪಿ.ಜಿಮೇಲ್.ಕಾಮ್]:587

ಬ್ರಾಕೆಟ್ ಇದ್ದರೆ "ಎಂಎಕ್ಸ್ ರೆಕಾರ್ಡ್ ಹುಡುಕಬೇಡ, ಈ ಹೆಸರಿನ ಮೆಷಿನ್‌ಗೇ ಹೋಗು" ಅಂತ ಅರ್ಥ. (ಒಂದು ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದು ಎಂಎಕ್ಸ್ ರೆಕಾರ್ಡ್.) ಇಲ್ಲಿಯವರೆಗೆ ಸರಿ. ಲಾಗಿನ್‌ನ ಯೂಸರ್, ಪಾಸ್‌ವರ್ಡ್ ಬರೆದಿಡುವ ಪಾಸ್‌ವರ್ಡ್ ಫೈಲ್‌ನಲ್ಲೂ ಸಾಲಿನ ಶುರುವಿಗೆ ಇದೇ ಹೆಸರು ಇರಬೇಕು, ಅದೂ ಅಕ್ಷರಕ್ಕೆ ಅಕ್ಷರ: ಬ್ರಾಕೆಟ್, ಕೋಲನ್, 587 ಎಲ್ಲವೂ. ಬ್ರಾಕೆಟ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಸಿಗಲ್ಲ. ಸಿಗಲಿಲ್ಲ ಅಂತ ದೂರುವುದೂ ಇಲ್ಲ, ಲಾಗಿನ್ ಆಗದೆ ಸುಮ್ನೆ ಮೇಲ್ ಕೊಡಲು ಹೋಗುತ್ತದೆ. ಆಗ ಆ ಕಡೆಯಿಂದ 530 ಅನ್ನುವ ಎರರ್ ನಂಬರ್ ಬರುತ್ತದೆ.

ಈ ನಂಬರ್ ನೋಡುವುದೇ ನನಗೆ ಇಷ್ಟವಾದ ಶಾರ್ಟ್‌ಕಟ್. 530 ಅಂದರೆ ನಾವು ಪಾಸ್‌ವರ್ಡ್ ಕೊಟ್ಟೇ ಇಲ್ಲ. 535 ಅಂದರೆ ಕೊಟ್ಟೆವು, ಅವರು ಒಪ್ಪಲಿಲ್ಲ. 530 ಬಂದಾಗ ಹೊಸ ಪಾಸ್‌ವರ್ಡ್ ತೆಗೆದುಕೊಂಡು ಏನೂ ಉಪಯೋಗವಿಲ್ಲ, ಅಲ್ವಾ? ಬ್ರಾಕೆಟ್ ನೋಡಿ. ಫೈಲ್ ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ (ಆ ಫೈಲನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಕಮಾಂಡ್) ಓಡಿಸಿದ್ದೀರಾ ನೋಡಿ. ಅದೇ ಪೋಸ್ಟ್‌ಮ್ಯಾಪ್‌ಗೆ ಮೈನಸ್ ಕ್ಯೂ ಹಾಕಿ ಮೇಲಿನ ಹೆಸರನ್ನು ಕೇಳಿದರೆ ಯೂಸರ್ ಮತ್ತು ಪಾಸ್‌ವರ್ಡ್ ಕಾಣಬೇಕು. ಏನೂ ಬರದಿದ್ದರೆ ತೊಂದರೆ ನಮ್ಮ ಕಡೆಯೇ ಇದೆ.

ಪಾಸ್‌ವರ್ಡ್ ಫೈಲ್‌ಗೆ 600 ಪರ್ಮಿಶನ್ ಕೊಡಿ, ಅಂದರೆ ಅದರ ಓನರ್ ಮಾತ್ರ ಓದಿ ಬರೆಯುವ ಹಾಗೆ. ಇನ್ನು ಕಳಿಸಿದವರ ವಿಳಾಸ: ಪೈ ಯಾವ ಹೆಸರು ಹಾಕಿದರೂ ಜಿಮೇಲ್ ತನ್ನ ಅಕೌಂಟಿನ ವಿಳಾಸವನ್ನೇ ಹಾಕುತ್ತದೆ. ಬೇರೆ ಬೇಕಿದ್ದರೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೊದಲೇ ಸೇರಿಸಿ ವೆರಿಫೈ ಮಾಡಿಸಬೇಕು.