ಹೆಸರು ಬಂದದ್ದು ಕೊನೆಗೆ: ಸಾವಯವ ಸಂಯುಕ್ತಗಳನ್ನು ಬೇರ್ಪಡಿಸಿ, ಗುರುತಿಸಿ, ಹೆಸರಿಟ್ಟ ಕತೆ

ಸಾವಯವ ರಸಾಯನಶಾಸ್ತ್ರಕ್ಕೆ, ಅಂದರೆ ಇಂಗಾಲದ ಸಂಯುಕ್ತಗಳ ಅಧ್ಯಯನಕ್ಕೆ, ಕಾಲಿಡುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಹೆಸರುಗಳು. ಮೀಥೇನ್, ಈಥೇನ್, ಪ್ರೊಪೇನ್. ಉದ್ದನೆಯ ಸರಪಳಿ ಹುಡುಕು, ಎರಡೂ ತುದಿಯಿಂದ ಎಣಿಸು, ಚಿಕ್ಕ ಸಂಖ್ಯೆ ಬರುವ ಕಡೆಯನ್ನು ಹಿಡಿ. ಬೇರ್ಪಡಿಸುವ ವಿಧಾನಗಳಿಗೆ ಇನ್ನೊಂದು ಅಧ್ಯಾಯ, ಗುರುತಿಸುವ ಪರೀಕ್ಷೆಗಳಿಗೆ ಪ್ರಯೋಗಾಲಯದ ಕೈಪಿಡಿ. ಈ ಮೂರಕ್ಕೂ ಪರಸ್ಪರ ಸಂಬಂಧವೇ ಇಲ್ಲವೇನೋ ಎನ್ನಿಸುವಂತೆ ಪಾಠ ಸಾಗುತ್ತದೆ. ಇತಿಹಾಸದಲ್ಲಿ ನಡೆದದ್ದು ಇದರ ತಿರುವುಮುರುವು. ಮೊದಲು ಬೇರ್ಪಡಿಸಿದರು, ಆಮೇಲೆ ಗುರುತಿಸಲು ಕಲಿತರು, ಹೆಸರಿನ ನಿಯಮಕ್ಕೆ ಕೈಹಾಕಿದ್ದು ಕಟ್ಟಕಡೆಗೆ. ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್‌ಹೆಲ್ಮ್ ಶೀಲೆ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಸ್ಫಟಿಕ ತೆಗೆದದ್ದು 1784ರಲ್ಲಿ. ರಚನೆಯಿಂದ ಹೆಸರು ಕಟ್ಟುವ ಅಂತರರಾಷ್ಟ್ರೀಯ ನಿಯಮ ಬಂದದ್ದು 1892ರಲ್ಲಿ. ನಡುವೆ ಕಳೆದದ್ದು ಸರಿಯಾಗಿ ನೂರೆಂಟು ವರ್ಷ.

ಶೀಲೆಗಿಂತ ಮುಂಚೆ ಗಿಡ, ಎಲೆ, ಪ್ರಾಣಿವಸ್ತುಗಳ ಒಳಗೇನಿದೆ ಎಂದು ತಿಳಿಯಲು ಅವನ್ನು ಬಿಸಿಮಾಡಿ ಬಟ್ಟಿ ಇಳಿಸುವುದೇ ರೂಢಿ. ಬೆಂಕಿ ಬಹಳಷ್ಟನ್ನು ಸುಟ್ಟು ಕೆಡಿಸಿಬಿಡುತ್ತಿತ್ತು. ಶೀಲೆ ಬೇರೆ ದಾರಿ ಹಿಡಿದ. ನಿಂಬೆರಸಕ್ಕೆ ಸೀಮೆಸುಣ್ಣ ಹಾಕಿದರೆ ಆಮ್ಲವು ಕ್ಯಾಲ್ಸಿಯಂ ಲವಣವಾಗಿ ತಳಕ್ಕೆ ಕೂರುತ್ತದೆ. ಸಕ್ಕರೆ, ಅಂಟು ಮುಂತಾದವು ನೀರಿನಲ್ಲೇ ಉಳಿಯುತ್ತವೆ. ಆ ಗಷ್ಟನ್ನು ತೊಳೆದು ಗಂಧಕಾಮ್ಲ ಸೇರಿಸಿದರೆ ಕ್ಯಾಲ್ಸಿಯಂ ಜಿಪ್ಸಂ ಆಗಿ ಬೇರೆಯಾಗುತ್ತದೆ, ಸಿಟ್ರಿಕ್ ಆಮ್ಲ ದ್ರಾವಣಕ್ಕೆ ಮರಳುತ್ತದೆ. ನೀರನ್ನು ಆರಿಸಿದರೆ ಸ್ಫಟಿಕ. ಹುಳಿಹಾಲಿನ ಲ್ಯಾಕ್ಟಿಕ್ ಆಮ್ಲ, ಸೇಬಿನ ಮ್ಯಾಲಿಕ್ ಆಮ್ಲ ಮುಂತಾದ ಹಲವು ಆಮ್ಲಗಳು ಹೀಗೆ ಅವನ ಕೈಗೆ ಬಂದವು.

ಈ ತಂತ್ರ ಇಂದಿಗೂ ಮೊದಲ ವರ್ಷದ ಪ್ರಯೋಗಾಲಯದಲ್ಲಿ ಜೀವಂತ. ಬೆಂಜೋಯಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಬೆರೆತ ಈಥರ್ ದ್ರಾವಣವನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಕುಲುಕಿದರೆ ಆಮ್ಲ ಲವಣವಾಗಿ ನೀರಿನ ಪದರಕ್ಕೆ ಇಳಿಯುತ್ತದೆ. ಆ ಪದರವನ್ನು ಬೇರೆ ತೆಗೆದು ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದರೆ ಬೆಂಜೋಯಿಕ್ ಆಮ್ಲ ಬಿಳಿಯಾಗಿ ಒತ್ತರಿಸಿ ಬರುತ್ತದೆ. ವೇಷ ಬದಲಿಸಿ ಹೊರಗೆ ಕರೆತಂದು, ಮತ್ತೆ ಹಳೇ ವೇಷಕ್ಕೆ ಮರಳಿಸುವುದು: ಯುಕ್ತಿ ಶೀಲೆಯದೇ, ಪಾತ್ರೆ ಮಾತ್ರ ಹೊಸದು.

ಬೇರ್ಪಡಿಸಿದ್ದು ನಿಜಕ್ಕೂ ಒಂದೇ ವಸ್ತುವೋ, ಎರಡರ ಬೆರಕೆಯೋ? ಈ ಪ್ರಶ್ನೆಯನ್ನು ಹಟಹಿಡಿದು ಕೇಳಿದವನು ಫ್ರಾನ್ಸಿನ ಮಿಷೆಲ್ ಷೆವ್ರಲ್. ಕೊಬ್ಬನ್ನು ಸಾಬೂನಾಗಿಸಿ, ಅದರಿಂದ ಬಿಡಿಸಿದ ಆಮ್ಲಗಳನ್ನು ಕರಗುವ ಬಿಂದು ಇನ್ನು ಬದಲಾಗದು ಎನ್ನುವವರೆಗೆ ಮತ್ತೆ ಮತ್ತೆ ಸ್ಫಟಿಕೀಕರಿಸಿದ. 1823ರಲ್ಲಿ ಅವನ ಕೆಲಸ ಪುಸ್ತಕವಾಗುವ ಹೊತ್ತಿಗೆ ಕರಗುವ ಬಿಂದು ಶುದ್ಧತೆಯ ಅಳತೆಗೋಲಾಗಿತ್ತು. (ಇಷ್ಟು ತಾಳ್ಮೆಯ ಮನುಷ್ಯ 102 ವರ್ಷ ಬದುಕಿದ್ದು ಆಶ್ಚರ್ಯವೇನಲ್ಲ.) ಕಲ್ಮಶ ಸೇರಿದ ಘನವಸ್ತು ಬೇಗನೆ, ವಿಶಾಲ ಅಂತರದಲ್ಲಿ ಕರಗುತ್ತದೆ. ಗುರುತಿಸುವುದಕ್ಕೂ ಇದೇ ಗುಣ ನೆರವಾಯಿತು. ಕೈಲಿರುವ ಪುಡಿ, ನೀವು ಅಂದಾಜಿಸಿದ ವಸ್ತು, ಎರಡೂ 122 ಡಿಗ್ರಿಗೆ ಕರಗುತ್ತವೆ ಎನ್ನಿ. ಎರಡನ್ನೂ ಬೆರೆಸಿ ನೋಡಿ. ಆಗಲೂ 122ಕ್ಕೇ ಕರಗಿದರೆ ಅವೆರಡೂ ಒಂದೇ. ಬಿಂದು ಕುಸಿದರೆ ಬೇರೆ ಬೇರೆ.

ಮುಂದಿನ ಹೆಜ್ಜೆ ತೂಕದ್ದು. 1831ರಲ್ಲಿ ಯುಸ್ಟುಸ್ ಲೀಬಿಗ್ ಐದು ಬುಗ್ಗೆಗಳ ಪುಟ್ಟ ಗಾಜಿನ ಉಪಕರಣವೊಂದನ್ನು ರೂಪಿಸಿದ. ವಸ್ತುವನ್ನು ಪೂರ್ತಿ ಸುಟ್ಟಾಗ ಬರುವ ನೀರಿನಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರುತ್ತದೆ. ಇಂಗಾಲದ ಡೈಆಕ್ಸೈಡ್ ಬುಗ್ಗೆಗಳಲ್ಲಿರುವ ಪೊಟ್ಯಾಷ್ ದ್ರಾವಣದಲ್ಲಿ ಸಿಕ್ಕಿಬೀಳುತ್ತದೆ. ಹೆಚ್ಚಿದ ತೂಕದಿಂದ ಜಲಜನಕ ಮತ್ತು ಇಂಗಾಲದ ಲೆಕ್ಕ ಸಿಗುತ್ತದೆ. ಅಲ್ಲಿಯವರೆಗೆ ನಿಪುಣರಿಗಷ್ಟೇ ಒಲಿಯುತ್ತಿದ್ದ ವಿಶ್ಲೇಷಣೆ ಈಗ ವಿದ್ಯಾರ್ಥಿಗಳಿಗೂ ಎಟುಕಿತು.

ತೊಡಕು ಶುರುವಾದದ್ದೂ ಇಲ್ಲಿಯೇ. 1787ರಲ್ಲಿ ಗಿಟೋನ್ ದ ಮೊರ್ವೋ, ಲವಾಸಿಯೆ ಮತ್ತು ಸಂಗಡಿಗರು ರಾಸಾಯನಿಕಗಳಿಗೆ ಹೊಸ ನಾಮಕರಣ ಪದ್ಧತಿ ತಂದಿದ್ದರು. ಏನೇನು ಸೇರಿದೆಯೋ ಅದನ್ನೇ ಹೆಸರಾಗಿಸಿ, ಅಷ್ಟೇ. ಲವಣಗಳಿಗೆ, ಆಕ್ಸೈಡ್‌ಗಳಿಗೆ ಅದು ಸೊಗಸಾಗಿ ಹೊಂದಿತು. ಸಾವಯವಕ್ಕೆ ಹೊಂದಲಿಲ್ಲ. ಅಸಿಟಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ, ಗ್ಲೂಕೋಸ್ ಮೂರನ್ನೂ ಸುಟ್ಟು ನೋಡಿ: ಮೂರರಲ್ಲೂ ಇಂಗಾಲ ಶೇ. 40, ಜಲಜನಕ ಸುಮಾರು ಶೇ. 6.7. ಅಣುತೂಕ ತಿಳಿದರೆ ಇವು ಬೇರೆಯಾಗುತ್ತವೆ ನಿಜ. ಆದರೆ ವೋಲರ್‌ನ ಸಿಲ್ವರ್ ಸಯನೇಟ್ ಮತ್ತು ಲೀಬಿಗ್‌ನ ಸಿಲ್ವರ್ ಫಲ್ಮಿನೇಟ್‌ಗೆ ಸೂತ್ರವೂ ಒಂದೇ. ಒಂದು ಸಾಧು, ಇನ್ನೊಂದು ಮುಟ್ಟಿದರೆ ಸಿಡಿಯುವಂಥದು. 1830ರಲ್ಲಿ ಬರ್ಜೀಲಿಯಸ್ ಇಂಥವನ್ನು ಐಸೋಮರ್‌ಗಳೆಂದು ಕರೆದ. ನಮ್ಮ ಪಠ್ಯಗಳ ಸಮಾಂಗಿಗಳು ಇವೇ. ಏನಿದೆ, ಎಷ್ಟಿದೆ ಎಂಬುದು ಸಾಲದು, ಹೇಗೆ ಜೋಡಣೆಯಾಗಿದೆ ಎಂಬುದೂ ತಿಳಿಯಬೇಕು ಎಂದಾಯಿತು. ಅದು ತಿಳಿಯುವ ತನಕ ಹೆಸರಿಗೆ ನಿಯಮ ಮಾಡುವುದಾದರೂ ಹೇಗೆ? ಹಾಗಾಗಿ ಇರುವೆಯಿಂದ ಬಂದದ್ದು ಫಾರ್ಮಿಕ್, ಬೆಣ್ಣೆಯಿಂದ ಬಂದದ್ದು ಬ್ಯುಟಿರಿಕ್ ಎಂದು ಮೂಲದ ಹೆಸರುಗಳೇ ನಡೆದವು.

ಜೋಡಣೆಯ ಸುಳಿವು ಕೊಟ್ಟದ್ದು ಪರೀಕ್ಷಾನಳಿಕೆಗಳು. ಸಾರಜನಕವನ್ನು ಪತ್ತೆಹಚ್ಚಲು ಲಸೇನ್ 1843ರಲ್ಲಿ ತೋರಿಸಿದ ಪರೀಕ್ಷೆಯನ್ನು ಯಾಂತ್ರಿಕವಾಗಿ ಮಾಡಿ ಮುಗಿಸುವವರೇ ಹೆಚ್ಚು; ಅದರ ತರ್ಕ ಸುಂದರವಾಗಿದೆ. ಸಾವಯವ ಅಣುವಿನಲ್ಲಿ ಸಾರಜನಕ ಸಹವೇಲೆನ್ಸಿ ಬಂಧದಲ್ಲಿ ಕಚ್ಚಿಕೊಂಡಿರುವುದರಿಂದ ಅಯಾನಿನ ಪರೀಕ್ಷೆಗೆ ಅದು ಓಗೊಡುವುದಿಲ್ಲ. ಕರಗಿದ ಲೋಹದೊಂದಿಗೆ ಕಾಯಿಸಿದಾಗ ಅಣು ಚೂರಾಗಿ ಸಾರಜನಕ ಸಯನೈಡ್ ಆಗುತ್ತದೆ, ಅದು ಕಬ್ಬಿಣದೊಂದಿಗೆ ಸೇರಿ ಗಾಢ ನೀಲಿ ಬಣ್ಣ ಕೊಡುತ್ತದೆ. ಟಾಲೆನ್ಸ್‌ನ ಬೆಳ್ಳಿ ಕನ್ನಡಿ, ಫೇಲಿಂಗ್‌ನ ಕೆಂಪು ಗಷ್ಟು ಇವು ಆಲ್ಡಿಹೈಡ್ ಎಂಬ ಪರಮಾಣು ಗುಂಪಿನ ಕಡೆ ಬೆರಳು ತೋರಿಸುತ್ತವೆ. ಯಾವ ಗುಂಪು ಎಂದು ಹೇಳಬಲ್ಲವೇ ಹೊರತು ಯಾವ ಸಂಯುಕ್ತ ಎಂದಲ್ಲ. ಅದಕ್ಕಾಗಿ ವಸ್ತುವನ್ನು ಚೆನ್ನಾಗಿ ಸ್ಫಟಿಕವಾಗುವ ಇನ್ನೊಂದು ವಸ್ತುವಾಗಿಸಿ ಅದರ ಕರಗುವ ಬಿಂದು ನೋಡುವ ಪದ್ಧತಿ ಬೆಳೆಯಿತು. ಎಮಿಲ್ ಫಿಷರ್‌ನ ಫಿನೈಲ್‌ಹೈಡ್ರಜೀನ್ ಇದರಲ್ಲಿ ಎತ್ತಿದ ಕೈ. ಗ್ಲೂಕೋಸ್, ಮ್ಯಾನೋಸ್, ಫ್ರಕ್ಟೋಸ್ ಎಂಬ ಮೂರು ಸಕ್ಕರೆಗಳೂ ಅದರೊಂದಿಗೆ ಓಸಜೋನ್ ಎಂಬ ಒಂದೇ ಸ್ಫಟಿಕವಸ್ತು ಕೊಡುತ್ತವೆ. ಗುರುತಿಸುವ ದೃಷ್ಟಿಯಿಂದ ಇದು ಸೋಲು. ಫಿಷರ್ ಮಾತ್ರ ಇದರಿಂದಲೇ ಮೂರರ ವ್ಯತ್ಯಾಸ ಮೊದಲ ಎರಡು ಇಂಗಾಲಗಳಿಗೆ ಸೀಮಿತ, ಉಳಿದ ಭಾಗ ಒಂದೇ ಎಂದು ಕಂಡುಕೊಂಡ.

ಇಂಗಾಲಕ್ಕೆ ನಾಲ್ಕು ಬಂಧ, ಅದು ತನ್ನೊಂದಿಗೆ ತಾನೇ ಸರಪಳಿ ಕಟ್ಟುತ್ತದೆ ಎಂದು ಕೆಕುಲೆ ಮತ್ತು ಕೂಪರ್ ಹೇಳಿದ್ದು 1858ರಲ್ಲಿ. ಗೊಂದಲ ಒಮ್ಮೆಗೇ ತೀರಲಿಲ್ಲ. 1861ರಲ್ಲಿ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ ಆಗ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಸಾಲಾಗಿ ಅಚ್ಚುಹಾಕಿಸಿದ. ಮುಂದಿನ ಮೂರು ದಶಕಗಳಲ್ಲಿ ರಚನೆಯ ಬಗ್ಗೆ ಒಮ್ಮತ ಮೂಡಿದ ಮೇಲಷ್ಟೇ, 1892ರ ಏಪ್ರಿಲ್‌ನಲ್ಲಿ, ಶಾರ್ಲ್ ಫ್ರೀಡೆಲ್ ಅಧ್ಯಕ್ಷತೆಯಲ್ಲಿ ಯುರೋಪಿನ ರಸಾಯನಜ್ಞರು ಜಿನೀವಾದಲ್ಲಿ ಕೂತರು. ಇಂದು ಪಾಠದ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸುವ ಉದ್ದನೆಯ ಸರಪಳಿಯ ನಿಯಮ, ಆಲ್ಕೋಹಾಲಿಗೆ ‘ಓಲ್’, ಕೀಟೋನಿಗೆ ‘ಓನ್’ ಎಂಬ ಅಂತ್ಯಗಳು ಆ ಸಭೆಯಿಂದ ಬಂದವು.

ಇಪ್ಪತ್ತನೇ ಶತಮಾನ ಮತ್ತೆ ಮೊದಲೆರಡು ಕೆಲಸಗಳದು. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ವರ್ಣದ್ರವ್ಯಗಳು ಪಟ್ಟೆಪಟ್ಟೆಯಾಗಿ ಬೇರೆಯಾಗುವುದನ್ನು ಮಿಖಾಯಿಲ್ ಟ್ಸ್ವೆಟ್ 1906ರಲ್ಲಿ ಪ್ರಕಟಿಸಿ ಕ್ರೊಮೆಟೊಗ್ರಫಿ ಎಂದು ಹೆಸರಿಟ್ಟ. ಕಾಲು ಶತಮಾನ ಹೆಚ್ಚಿನವರು ಕಿವಿಗೊಡಲಿಲ್ಲ. 1931ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ರಿಚರ್ಡ್ ಕೂನ್ ತಂಡ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಗುರುತಿಸುವಿಕೆಯ ತಿರುವು 1951ರದು: ಆರ್ನಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್ ಎಥನಾಲಿನ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ) ರೋಹಿತದಲ್ಲಿ ಮೂರು ಪ್ರತ್ಯೇಕ ಶೃಂಗಗಳನ್ನು ತೋರಿಸಿದರು. ಅವುಗಳ ವಿಸ್ತೀರ್ಣ 3:2:1. ಅಂದರೆ ಮೂರು, ಎರಡು, ಒಂದು ಜಲಜನಕ. ವಾರಗಟ್ಟಲೆ ಒಡೆದು, ಕಟ್ಟಿ, ಕರಗಿಸಿ ಊಹಿಸಬೇಕಿದ್ದ ಜೋಡಣೆ, ಮಾದರಿಯನ್ನು ಕೆಡಿಸದೆಯೇ ಕಾಗದದ ಮೇಲೆ ಮೂಡತೊಡಗಿತು.

ಹೆಸರಿನ ನಿಯಮಗಳೂ ಸುಮ್ಮನೆ ಕೂತಿಲ್ಲ. 1919ರಲ್ಲಿ ಹುಟ್ಟಿದ, ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಅವನ್ನು ತಿದ್ದುತ್ತಲೇ ಇದೆ. ದ್ವಿಬಂಧ ಇರುವ ಸರಪಳಿಗೆ ಆದ್ಯತೆ ಎಂಬ ಹಳೆಯ ಪಾಠ 2013ರ ಶಿಫಾರಸಿನಲ್ಲಿ ತಲೆಕೆಳಗಾಯಿತು. ಈಗ ಉದ್ದವೇ ಮುಖ್ಯ. 2-ಈಥೈಲ್‌ಪೆಂಟ್-1-ಈನ್ ಎಂದು ಬರೆಯುತ್ತಿದ್ದ ಸಂಯುಕ್ತಕ್ಕೆ ಈಗ 3-ಮೀಥೈಲಿಡೀನ್‌ಹೆಕ್ಸೇನ್ ಎಂಬ ಹೆಸರು. ಪಠ್ಯಪುಸ್ತಕಗಳಲ್ಲಿ ಹಳೆಯದೇ ಇನ್ನೂ ನಡೆಯುತ್ತಿದೆ. ತಮಾಷೆಯೆಂದರೆ, ‘ಅಸಿಟಿಕ್ ಆಮ್ಲ ರೂಢಿಯ ಹೆಸರು, ಎಥನೋಯಿಕ್ ಆಮ್ಲ ಐಯುಪಿಎಸಿ ಹೆಸರು’ ಎಂದು ಮಕ್ಕಳು ಉರುಹೊಡೆಯುತ್ತಿರುವಾಗಲೇ, ಅದೇ 2013ರ ಶಿಫಾರಸು ಅಸಿಟಿಕ್ ಆಮ್ಲ ಎಂಬುದನ್ನೇ ತನ್ನ ಮೊದಲ ಆಯ್ಕೆಯಾಗಿ ಉಳಿಸಿಕೊಂಡಿದೆ.