ಸುರಂಗಕ್ಕೆ ಬೀಗ ಯಾಕೆ ಅಂತ ಕೇಳುವವರಿಗೆ

ಹಳೆ ಮನೆಗಳನ್ನು ಸರಿಪಡಿಸುವುದು ನನ್ನ ಕಸುಬು. ಮೈಸೂರು, ಶ್ರೀರಂಗಪಟ್ಟಣದ ಸುತ್ತ ಗಾರೆ, ತೇಗದ ತೊಲೆ, ನಾಡಹೆಂಚು ಇವುಗಳ ನಡುವೆಯೇ ಇಷ್ಟು ವರ್ಷ ಕಳೆದಿದ್ದೇನೆ. ಕೆಲಸ ಮುಗಿಸಿ ಮನೆಯನ್ನು ಪ್ರವಾಸಿಗರಿಗೆ ತೆರೆದ ಮೇಲೆ ಅಲ್ಲಿಗೆ ಹೋಗಿ ನಿಂತರೆ ಕಿವಿಗೆ ಬೀಳುವುದು ಒಂದೇ ಪ್ರಶ್ನೆ. "ಮೇಡಂ, ಸುರಂಗ ಎಲ್ಲಿದೆ?" ತೊಟ್ಟಿಯ ಬೆಳಕು ಬೇಡ, ಕೆತ್ತಿದ ಬಾಗಿಲು ಬೇಡ. ಸುರಂಗದ ಬಾಯಿಗೆ ಬೀಗ ಕಂಡರಂತೂ ಮುಗಿಯಿತು, ಒಳಗೆ ಏನೋ ಬಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ. ಆಮೇಲೆ ಕಾವಲುಗಾರನ ಕೈಗೆ ನೋಟು ತುರುಕಿ "ಎರಡೇ ನಿಮಿಷ ಅಣ್ಣ, ಒಂದು ವಿಡಿಯೋ ತಗೊಂಡು ಬರ್ತೀವಿ" ಅನ್ನುತ್ತಾರೆ. ನನಗೆ ಭಯ ಹುಟ್ಟಿಸುವುದು ಈ ಎರಡು ನಿಮಿಷ.

ಮೊದಲು ದಾರಿಯ ವಿಷಯ ಹೇಳಿಬಿಡುತ್ತೇನೆ. ಮೈಸೂರಿನ ಯಾವುದೇ ಹಳೆ ಮನೆಯ ನೆಲಮಾಳಿಗೆ ತೋರಿಸಿ, ಇದು ಶ್ರೀರಂಗಪಟ್ಟಣಕ್ಕೆ ಹೋಗುತ್ತಂತೆ ಅನ್ನುವವರು ಒಬ್ಬರಾದರೂ ಇರುತ್ತಾರೆ. ಎರಡರ ನಡುವೆ ಸುಮಾರು 15 ಕಿಲೋಮೀಟರ್. ಕೆಳಗೆ ಗಟ್ಟಿ ಬಂಡೆ. ಮೇಲಾಗಿ ಶ್ರೀರಂಗಪಟ್ಟಣ ದ್ವೀಪ, ಹೇಗೆ ಹೋದರೂ ಕಾವೇರಿಯ ಅಡಿಯಲ್ಲೇ ನುಗ್ಗಬೇಕು. ಅಷ್ಟುದ್ದದ ಗವಿಗೆ ಗಾಳಿ ಎಲ್ಲಿಂದ ಬರಬೇಕು, ಜಿನುಗುವ ನೀರು ಎಲ್ಲಿಗೆ ಹೋಗಬೇಕು? ನಿಜವಾದ ಸುರಂಗ ಬೇಕಿದ್ದರೆ ಮಂಡ್ಯದ ಹುಲಿಕೆರೆಯಲ್ಲಿದೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸುರಂಗ. ಅದನ್ನು ಕೊರೆದದ್ದು ನೀರಿಗಾಗಿ, ರಾಜರು ತಪ್ಪಿಸಿಕೊಂಡು ಓಡುವುದಕ್ಕಲ್ಲ.

ನಮ್ಮ ಮನೆಗಳ ಕೆಳಗೆ ಸಿಗುವುದು ಸಾಮಾನ್ಯವಾಗಿ ಮಳೆನೀರಿನ ಚರಂಡಿ, ಸಾಮಾನು ಇಡುವ ನೆಲಮಾಳಿಗೆ, ಇಲ್ಲಾಂದ್ರೆ ಹಗೇವು, ಅಂದರೆ ಧಾನ್ಯ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಗುಂಡಿ. ಪ್ರತಿ ಮನೆಯದ್ದೂ ಬೇರೆ ಕಥೆ, ಕಣ್ಣಾರೆ ನೋಡದೆ ನಾನು ಖಚಿತವಾಗಿ ಹೇಳುವುದಿಲ್ಲ. ಆದರೆ ಬೀಗದ ಕಾರಣ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಗಾಳಿ.

ಇದನ್ನು ಎಷ್ಟು ಸಲ ಹೇಳಿದರೂ ಜನ ಕುಸಿತದ ಬಗ್ಗೆಯೇ ಯೋಚಿಸುತ್ತಾರೆ. "ಗಟ್ಟಿಯಾಗಿದೆಯಲ್ಲಾ ಮೇಡಂ, ಕಮಾನು ನೋಡಿ" ಅನ್ನುತ್ತಾರೆ. ಹೌದು, ಗಟ್ಟಿಯಾಗಿದೆ, ನಾವೇ ಗಾರೆ ತುಂಬಿ ಕಟ್ಟಿದ್ದೇವೆ. ಕಮಾನು ಬೀಳುವುದಿಲ್ಲ. ಒಳಗೆ ಹೋದವರು ಬೀಳುತ್ತಾರೆ. ಒಂದೇ ಬಾಯಿ ಇರುವ ತಗ್ಗು ಜಾಗದಲ್ಲಿ ಗಾಳಿ ಆಡುವುದಿಲ್ಲ. ಕೊಳೆಯುವ ಎಲೆ, ಬೇರು, ಕೆಸರು ಎಲ್ಲ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21 ಇರುತ್ತೆ. 19.5ಕ್ಕಿಂತ ಕೆಳಗಿಳಿದರೆ ನಾವು ಕೆಲಸಗಾರರನ್ನು ಇಳಿಸುವುದಿಲ್ಲ. ತೀರಾ ಕಡಿಮೆ ಇದ್ದ ಕಡೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತೆ, ಕೂಗುವುದಕ್ಕೂ ಸಮಯ ಸಿಗುವುದಿಲ್ಲ. ಹಳೆ ಚರಂಡಿಗೆ ಸೇರಿಕೊಂಡ ಜಾಗವಾದರೆ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಕೊಳೆತ ಮೊಟ್ಟೆಯ ವಾಸನೆ ಬರುವ ಅನಿಲ ಅದು. ಪ್ರಮಾಣ ಜಾಸ್ತಿಯಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತೆ, ಆಗ "ವಾಸನೆ ಹೋಯ್ತಲ್ಲ" ಅಂತ ಮುಂದೆ ಹೋಗುತ್ತೀರಿ. ಒಬ್ಬರು ಬಿದ್ದರೆ ಎತ್ತುವುದಕ್ಕೆ ಇನ್ನೊಬ್ಬರು ಇಳಿಯುತ್ತಾರೆ. ಮ್ಯಾನ್‌ಹೋಲ್ ದುರಂತಗಳಲ್ಲಿ ಸಾವು ಒಂದಕ್ಕೇ ನಿಲ್ಲದಿರುವುದು ಇದರಿಂದಲೇ.

ಇಷ್ಟೆಲ್ಲ ನಾನು ವಿವರಿಸುತ್ತಿದ್ದಾಗ ಒಮ್ಮೆ ಪಾಂಡವಪುರದ ಕಡೆಯ ಒಬ್ಬ ಅಜ್ಜಿ ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಮೊಮ್ಮಕ್ಕಳ ಕಡೆ ತಿರುಗಿ "ಹಗೇವು ಕಣ್ರೋ, ಬಾಯಿ ತೆಗೆದು ಬಿಟ್ಟು, ದೀಪ ಇಳಿಸಿ ನೋಡದೆ ಯಾರೂ ಇಳಿಯಾಕಿಲ್ಲ" ಅಂದರು. ನನಗೆ ಅವರನ್ನು ತಬ್ಬಿಕೊಳ್ಳೋಣ ಅನ್ನಿಸಿತು. ನೆಲದೊಳಗೆ ಮುಚ್ಚಿಟ್ಟ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವುದು ಯಾಕೆ? ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತೆ, ಹುಳು ಬದುಕುವುದಿಲ್ಲ. ಹುಳು ಬದುಕದ ಗಾಳಿಯಲ್ಲಿ ಮನುಷ್ಯ ಬದುಕುತ್ತಾನಾ? ಮಂಡ್ಯ, ಮೈಸೂರಿನ ರೈತರ ಮನೆಗಳಲ್ಲಿ ಈ ತಿಳಿವಳಿಕೆ ಮೊನ್ನೆಮೊನ್ನೆವರೆಗೂ ಇತ್ತು. ಈಗ ದೀಪದ ಜಾಗಕ್ಕೆ ಮೊಬೈಲ್ ಟಾರ್ಚ್ ಬಂದಿದೆ. ದೀಪ ಆರುವ ಗಾಳಿಯಲ್ಲೂ ಮೊಬೈಲ್ ಚೆನ್ನಾಗಿ ಬೆಳಗುತ್ತೆ, ಅಲ್ವಾ? ಹಾಗಂತ ದೀಪ ಹಚ್ಚಿಕೊಂಡು ಹೋಗಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಅರ್ಥ ಮಾಡಿಕೊಳ್ಳಬೇಡಿ. ಚರಂಡಿ ಕಡೆ ಬೆಂಕಿ ಹೊತ್ತುವ ಅನಿಲವೂ ಇರಬಹುದು. ದೀಪ ಉರಿಯುತ್ತಿದ್ದರೂ ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿ ಇರಬಹುದು. ಅನಿಲ ಪತ್ತೆ ಮಾಡುವ ಮೀಟರ್ ಇಳಿಸಿ ಅಳೆಯಬೇಕು, ಫ್ಯಾನ್ ಹಾಕಿ ಗಾಳಿ ಆಡಿಸಬೇಕು, ಮತ್ತೆ ಅಳೆಯಬೇಕು. ನಿನ್ನೆ ಸರಿ ಇತ್ತು ಅಂತ ಇವತ್ತೂ ಸರಿ ಇರುತ್ತೆ ಅಂತಲ್ಲ. ಮಳೆ ಬಂದ ಮೇಲಂತೂ ಎಲ್ಲ ಲೆಕ್ಕ ಹೊಸದು.

"ಹಾಗಾದರೆ ಶ್ರೀರಂಗಪಟ್ಟಣದ ಕೋಟೆಯ ಕರ್ನಲ್ ಬೈಲಿ ಬಂದೀಖಾನೆಗೆ ಎಲ್ಲರೂ ಹೋಗುತ್ತಾರಲ್ಲ?" ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅದೂ ನೆಲಮಟ್ಟಕ್ಕಿಂತ ಕೆಳಗಿದೆ, ಇಟ್ಟಿಗೆ ಗಾರೆಯ ಕಮಾನುಗಳದ್ದೇ. ಆದರೆ ಕಮಾನಿನ ಸಾಲು ಬಯಲಿಗೆ ತೆರೆದುಕೊಂಡಿದೆ, ಗಾಳಿ ಓಡಾಡುತ್ತೆ. ಅಲ್ಲಿ ನಿಂತು ಗೋಡೆಯಿಂದ ಚಾಚಿದ ತೂತುಗಲ್ಲುಗಳನ್ನು ನೋಡಿ, ಕೈದಿಗಳನ್ನು ಕಟ್ಟಿಹಾಕುತ್ತಿದ್ದ ಕಲ್ಲುಗಳು ಅವು. ಕತ್ತಲೆ ನೋಡುವ ಆಸೆ ಇದ್ದವರು ಅಲ್ಲಿಗೆ ಹೋಗಿ, ಸಂತೋಷ. ಹಾಗೆಯೇ ಗಂಜಾಂ ಕಡೆ ಹೊರಟು ಟಿಪ್ಪುವಿನ ಬೇಸಿಗೆ ಅರಮನೆಯಾಗಿದ್ದ 1784ರ ದರಿಯಾ ದೌಲತ್‌ನ ತೇಗದ ಕಂಬಗಳ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಿ. ಗೋಡೆ ಮುಟ್ಟಬೇಡಿ, ಅಷ್ಟೆ.

ಮನೆ ಮಾಲೀಕರಿಗೂ ಒಂದು ಮಾತು. ಟಿಕೆಟ್ ಮಾರುವುದಕ್ಕೆ ಸುರಂಗ ತೆರೆಯಲೇಬೇಕು ಅನ್ನಿಸಿದರೆ ಇನ್ನೊಂದು ತುದಿಯಲ್ಲಿ ಗಾಳಿಗೆ ದಾರಿ ಮಾಡಿ, ಒಮ್ಮೆಗೆ ಎಷ್ಟು ಜನ ಅಂತ ಮಿತಿ ಹಾಕಿ, ಮೀಟರಿನ ಲೆಕ್ಕವನ್ನು ಬಾಗಿಲಲ್ಲೇ ಬರೆದು ತೂಗುಹಾಕಿ. ತೇವ ಕಾಣಿಸಿತು ಅಂತ ಒಳಗೆ ಸಿಮೆಂಟ್ ಮಾತ್ರ ಬಳಿಸಬೇಡಿ, ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಬಿಳಿಯಾಗಿ ಕಟ್ಟಿಕೊಂಡು ಇಟ್ಟಿಗೆ ಪುಡಿಯಾಗುತ್ತೆ. ನೋಡಲು ಬರುವವರಿಗೆ ನನ್ನದು ಸಣ್ಣ ಕೋರಿಕೆ. ಹೊರಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಚೌಕಾಕಾರದ ಕಿಂಡಿಗಳು ಕಾಣುತ್ತವೆ. ಅವು ಕಸದ ಡಬ್ಬಿಗಳಲ್ಲ, ಕೆಳಗಿನ ಕೋಣೆಗೆ ಗಾಳಿ ಹೋಗುವುದೇ ಅಲ್ಲಿಂದ. ಹೋದ ವಾರವೂ ಅವುಗಳಿಂದ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ತೆಗೆಸಿದ್ದೇವೆ. ನಿಮ್ಮ ಬಾಟಲಿಯನ್ನು ಗೇಟಿನವರೆಗೆ ಕೈಯಲ್ಲೇ ಹಿಡಿದುಕೊಂಡು ಹೋಗಿ.